ಮುದ್ರಿಸದೆ ಬಿಟ್ಟ ಬಿಳಿ: ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಹಿಮದ ಬೆಟ್ಟ

ಪರದೆಯ ಮೇಲಿರುವ ಈ ಚಿತ್ರದಲ್ಲಿ ಬಿಳಿ ಬಣ್ಣವೇ ಇಲ್ಲ. ಬೆಟ್ಟ ಬೆಳ್ಳಗಿದೆ, ಮನೆಗಳ ಮಾಡು ಬೆಳ್ಳಗಿದೆ, ನಡೆಯುವ ದಾರಿ ಬೆಳ್ಳಗಿದೆ. ಹಾಗಿದ್ದೂ ಯಾವ ಹಲಗೆಯ ಮೇಲೂ ಬಿಳಿ ಹಚ್ಚಿಲ್ಲ. ಕಾಣುತ್ತಿರುವುದು ಬರೀ ಕಾಗದ. ಸುತ್ತಲೂ ಬೂದು, ಕಪ್ಪು ಬಿದ್ದಿರುವುದರಿಂದ ಆ ಕಾಗದ ಹಿಮವಾಗಿದೆ. ಈ ಚಿತ್ರಗಳಲ್ಲಿ ಹಿಮವನ್ನು ಯಾರೂ ಬರೆಯುವುದಿಲ್ಲ, ಉಳಿಸುತ್ತಾರೆ. ಹಾಗೆ ಉಳಿಸುವುದಕ್ಕೆ ಎಷ್ಟು ಕೈ, ಎಷ್ಟು ಹಲಗೆ, ಎಷ್ಟು ನೀರು ಬೇಕಾಗುತ್ತದೆ ಎಂಬುದೇ ಇಂದಿನ ಮಾತು.

ಚಿತ್ರ 19ನೇ ಶತಮಾನದ ಜಪಾನಿ ಚಿತ್ರಕಾರ ಹಿರೋಶಿಗೆಯದು, ಹೆಸರು ‘ಕಾಂಬರಾ: ರಾತ್ರಿಯ ಹಿಮ’. ಎದೊ, ಅಂದರೆ ಇಂದಿನ ಟೋಕಿಯೊ, ಮತ್ತು ಕ್ಯೋಟೊ ನಡುವಿನ ಕಡಲಂಚಿನ ಹೆದ್ದಾರಿಗೆ ತೊಕಾಯ್ದೊ ಎಂದು ಹೆಸರು. ಆ ದಾರಿಯ 53 ತಂಗುದಾಣಗಳಿಗೆ ಎರಡು ತುದಿಯ ಊರುಗಳನ್ನು ಸೇರಿಸಿ 55 ಚಿತ್ರಗಳ ಮಾಲೆಯೊಂದು 1833–34ರ ಸುಮಾರಿಗೆ ಹೊರಬಂತು. ಕಾಂಬರಾ ಅದರಲ್ಲಿ 15ನೇ ತಂಗುದಾಣ. ಹಾಳೆಯ ಅಳತೆ ‘ಓಬಾನ್’, ಹೆಚ್ಚುಕಡಿಮೆ 39 ಸೆಂ.ಮೀ. ಅಗಲ, 26 ಸೆಂ.ಮೀ. ಎತ್ತರ. ಅಷ್ಟು ಪುಟ್ಟ ಜಾಗದಲ್ಲಿ ಮೂವರು ನಡೆಯುತ್ತಿದ್ದಾರೆ. ಎಡಗಡೆಯವನು ಅರ್ಧ ಬಿಚ್ಚಿದ ಛತ್ರಿಯೊಳಗೆ ತಲೆ ಹುದುಗಿಸಿಕೊಂಡಿದ್ದಾನೆ. ಬಲಗಡೆಯ ಇಬ್ಬರು ಬೆನ್ನು ಬಗ್ಗಿಸಿ ಅವನಿಗೆ ಎದುರು ದಿಕ್ಕಿನಲ್ಲಿ ಹೊರಟಿದ್ದಾರೆ. ಒಬ್ಬರ ಮುಖವೂ ಕಾಣುವುದಿಲ್ಲ. ಇಡೀ ಹಾಳೆಯಲ್ಲಿ ಬಣ್ಣ ಎನ್ನಬಹುದಾದದ್ದು ಈ ಮೂವರ ಮೈಮೇಲೆ ಇರುವಷ್ಟೇ. ಉಳಿದದ್ದೆಲ್ಲ ಮಸಿ, ಮಸಿಗೆ ನೀರು ಬೆರೆಸಿದ ಬೂದು, ಮತ್ತು ಕಾಗದ.

ಕಾಂಬರಾ ಇರುವುದು ಸುರುಗಾ ಕೊಲ್ಲಿಯ ದಂಡೆಯಲ್ಲಿ, ಶಿಜುಓಕಾ ಸೀಮೆಯಲ್ಲಿ. ಅದು ಬೆಚ್ಚಗಿನ ನಾಡು. ಮೊಣಕಾಲು ಹೂಳುವಷ್ಟು ಹಿಮ ಅಲ್ಲಿ ಬೀಳುವುದೇ ಅಪರೂಪ. ಹಿರೋಶಿಗೆ ಕಂಡದ್ದನ್ನೇ ಬರೆದನೇ, ಕಲ್ಪಿಸಿಕೊಂಡನೇ ಎಂಬ ಚರ್ಚೆ ಬಹಳ ನಡೆದಿದೆ. ಅದಕ್ಕಿಂತ ಕುತೂಹಲದ ಸಂಗತಿ ಬೇರೆಯಿದೆ. ಈ ಚಿತ್ರದ ಪ್ರತಿಗಳು ಎರಡು ಬಗೆಯಲ್ಲಿ ಸಿಗುತ್ತವೆ. ಒಂದು ಬಗೆಯಲ್ಲಿ ಆಕಾಶದ ಮೇಲಂಚು ಕಡುಕಪ್ಪು, ಕೆಳಗಿಳಿದಂತೆ ತಿಳಿಯಾಗುತ್ತದೆ. ಇನ್ನೊಂದರಲ್ಲಿ ಕಪ್ಪು ಬೆಟ್ಟದ ನೆತ್ತಿಗೆ ತಾಗಿಕೊಂಡಿದೆ, ಮೇಲೆ ಹೋದಂತೆ ತಿಳಿ. ಹಲಗೆ ಅದೇ, ಕೆತ್ತನೆ ಅದೇ. ಬಣ್ಣ ಹಚ್ಚುವ ಕೈ ಮಾತ್ರ ತಿರುಗಿದೆ. ಮೊದಲ ಬಗೆಯಲ್ಲಿ ರಾತ್ರಿ ಮೇಲಿಂದ ಕವಿಯುತ್ತಿದೆ. ಎರಡನೆಯದರಲ್ಲಿ ಬೆಟ್ಟವೇ ಒಳಗಿನಿಂದ ಬೆಳಗಿದಂತೆ ಮುಂದೆ ಬರುತ್ತದೆ. ಹಿಮದ ಬಿಳುಪು ಹಿಮದಲ್ಲಿಲ್ಲ, ಪಕ್ಕದ ಆಕಾಶದಲ್ಲಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮುಂದೆ ಹೋಗುವ ಮೊದಲು ನಮ್ಮ ಭಾಷೆಯ ಒಂದು ತೊಡಕು. ಕನ್ನಡದಲ್ಲಿ ‘ಮಂಜು’ ಎಂದರೆ ಬೆಳಗಿನ ಹೊತ್ತು ಮುಸುಕುವ ಮಬ್ಬೂ ಆಗುತ್ತದೆ, ಬೆಟ್ಟದ ಮೇಲೆ ಕೂತ ಬಿಳಿಯೂ ಆಗುತ್ತದೆ. ಹಿಮ ಬೀಳದ ನಾಡಿನವರಿಗೆ ಒಂದೇ ಮಾತು ಸಾಕಾಗಿತ್ತು. ಈ ಚಿತ್ರಗಳ ಮುಂದೆ ಮಾತ್ರ ಅವೆರಡನ್ನೂ ಬೇರೆ ಮಾಡಿಕೊಳ್ಳಲೇಬೇಕು, ಏಕೆಂದರೆ ಅಚ್ಚುಗಾರನಿಗೆ ಅವು ಎರಡು ಬೇರೆ ಕೆಲಸ. ಮಬ್ಬಿಗೆ ಅಂಚಿಲ್ಲ, ಅದನ್ನು ಒದ್ದೆ ಕುಂಚದಿಂದ ಕರಗಿಸಬೇಕು. ಹಿಮಕ್ಕೆ ಅಂಚಿದೆ, ಅದನ್ನು ಕತ್ತಿಯಿಂದ ಕೊರೆಯಬೇಕು. ಒಂದು ನೀರಿನ ಕೆಲಸ, ಇನ್ನೊಂದು ಕಬ್ಬಿಣದ ಕೆಲಸ. ಹಾಗಾಗಿ ಇಲ್ಲಿ ಬಿಳಿಗೆ ಹಿಮ ಎಂದೇ ಹೇಳುತ್ತೇನೆ.

ಕಾಗದ, ಅಂಟು, ಪಟಿಕ

ಈ ಚಿತ್ರಗಳು ಒಬ್ಬರ ಕೈಯಿಂದ ಆದವಲ್ಲ. ಚಿತ್ರ ಬರೆಯುವವನು ಒಬ್ಬ, ಕೆತ್ತುವವನು ಒಬ್ಬ, ಅಚ್ಚೊತ್ತುವವನು ಇನ್ನೊಬ್ಬ. ದುಡ್ಡು ಹಾಕಿ ಮೂವರನ್ನೂ ಕೂಡಿಸುವವನು ಪ್ರಕಾಶಕ. ಹಿಮದ ಚಿತ್ರದಲ್ಲಿ ಇವರ ಜೊತೆಗೆ ಐದನೆಯವನೊಬ್ಬನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಕಾಗದ ಮಾಡಿದವನು. ಹಾಳೆಯೇ ಹಿಮವಾಗಬೇಕಾದಾಗ ಹಾಳೆಯ ಗುಣವೇ ಹಿಮದ ಗುಣ.

ಬಳಸುತ್ತಿದ್ದದ್ದು ‘ಹೋಶೊ’ ಎಂಬ ಕಾಗದ. ಕೋಜೊ ಎಂಬ ಹಿಪ್ಪುನೇರಳೆ ಜಾತಿಯ ಗಿಡದ ಒಳತೊಗಟೆಯ ನಾರಿನಿಂದ ಕೈಯಲ್ಲೇ ಎತ್ತಿದ ಹಾಳೆ ಅದು. ಎಚಿಜೆನ್, ಅಂದರೆ ಇಂದಿನ ಫುಕುಯಿ ಪ್ರಾಂತ್ಯ, ಅದಕ್ಕೆ ಹೆಸರಾದ ಊರು. ನಾರು ಉದ್ದವಾದ್ದರಿಂದ ಹತ್ತಿಪ್ಪತ್ತು ಸಲ ಒದ್ದೆ ಮಾಡಿ ಉಜ್ಜಿದರೂ ಹಾಳೆ ಹರಿಯುವುದಿಲ್ಲ. ಬಣ್ಣ ಕೂಡ ಮೇಲೆ ಪದರವಾಗಿ ಕೂರದೆ ನಾರಿನೊಳಕ್ಕೆ ಇಳಿಯುತ್ತದೆ. ಇದರ ಬಿಳುಪು ಸುಣ್ಣದ ಗೋಡೆಯ ಬಿಳುಪಲ್ಲ, ಕೆನೆಯ ಛಾಯೆ ಇರುವಂಥದ್ದು. ಬೂದು ಆಕಾಶದ ಪಕ್ಕದಲ್ಲಿ ಈ ಕೆನೆಬಿಳಿ ಸ್ವಲ್ಪ ಬೆಚ್ಚಗೆ ಕಾಣುತ್ತದೆ. ಇಂದು ಯಂತ್ರದಲ್ಲಿ ಮಾಡಿದ ಹಾಲುಬಿಳಿ ಕಾಗದದ ಮೇಲೆ ಇದೇ ಚಿತ್ರದ ನಕಲು ನೋಡಿದಾಗ ಏನೋ ಸಪ್ಪೆ ಎನಿಸುವುದು ಈ ಕಾರಣಕ್ಕೇ.

ಬರಿಯ ಹೋಶೊ ನೀರನ್ನು ಹೀರುತ್ತದೆ. ಹಾಗೆಯೇ ಅಚ್ಚೊತ್ತಿದರೆ ಆಕಾಶದ ಬೂದು ಬಣ್ಣ ಬೆಟ್ಟದೊಳಕ್ಕೆ ಹರಿದು ಹಿಮದ ಅಂಚು ಕೆಡುತ್ತದೆ. ಅದಕ್ಕಾಗಿ ಹಾಳೆಗೆ ಮೊದಲು ‘ದೋಸಾ’ ಹಾಯಿಸಬೇಕು. ನಮ್ಮ ದೋಸೆಗೂ ಇದಕ್ಕೂ ನಂಟಿಲ್ಲ. ಪ್ರಾಣಿಚರ್ಮದಿಂದ ತೆಗೆದ ಅಂಟು, ನಮ್ಮ ಹಳೇ ಬಡಗಿಗಳ ಸರೇಸಿನ ಜಾತಿಯದು, ಜೊತೆಗೆ ಪಟಿಕ. ಕಲಿಯುವವರು ಒಂದು ಲೀಟರ್ ನೀರಿಗೆ 20 ಗ್ರಾಂ ಆಸುಪಾಸು ಅಂಟು, ಅದರ ಅರ್ಧದಷ್ಟು ಪಟಿಕ ಇಟ್ಟುಕೊಂಡು ಶುರುಮಾಡಬಹುದು. ಅಂಟನ್ನು ರಾತ್ರಿಯಿಡೀ ನೆನೆಹಾಕಿ, ಮಾರನೆಯ ದಿನ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಕುದಿ ಬರಿಸಬಾರದು, ಕುದಿದರೆ ಅಂಟಿನ ಹಿಡಿತ ಹೋಗುತ್ತದೆ. ಅಂಟು ಪೂರ್ತಿ ಕರಗಿದ ಮೇಲೆ ಪಟಿಕ ಹಾಕಿ, ಸೋಸಿ, ಬೆಚ್ಚಗಿರುವಾಗಲೇ ಅಗಲ ಕುಂಚದಿಂದ ಒಂದೇ ದಿಕ್ಕಿಗೆ ಎಳೆಯಬೇಕು. ಸೆಕೆಗಾಲದಲ್ಲಿ ಹದ ಕೊಂಚ ಗಟ್ಟಿ, ಚಳಿಗಾಲದಲ್ಲಿ ಕೊಂಚ ತೆಳು.

ತಪ್ಪು ಎರಡೂ ಕಡೆ ಆಗುತ್ತದೆ. ದೋಸಾ ಕಡಿಮೆಯಾದರೆ ಬಣ್ಣ ಹರಡುತ್ತದೆ, ಹಾಳೆಯ ನಾರು ಎದ್ದು ಹಲಗೆಗೆ ಅಂಟುತ್ತದೆ. ಹೆಚ್ಚಾದರೆ ಬಣ್ಣ ಒಳಗಿಳಿಯದೆ ಮೇಲೇ ಚುಕ್ಕೆಚುಕ್ಕೆಯಾಗಿ ನಿಲ್ಲುತ್ತದೆ. ಪಟಿಕ ಹೆಚ್ಚಾದರೆ ಆಗುವ ಹಾನಿ ಆ ದಿನ ಗೊತ್ತೇ ಆಗುವುದಿಲ್ಲ. ಹಾಳೆಯಲ್ಲಿ ಆಮ್ಲ ಉಳಿದು, ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ. ಹೂವಿನ ಚಿತ್ರಕ್ಕೆ ಅದು ಅಂಥ ನಷ್ಟವಲ್ಲ. ಹಿಮದ ಚಿತ್ರಕ್ಕೆ ಅಲ್ಲಿಗೆ ಕತೆ ಮುಗಿದಂತೆ.

ಹಲಗೆ ಕೆತ್ತುವುದು

ಹಲಗೆ ಕಾಡು ಚೆರ್ರಿ ಮರದ್ದು. ಅದನ್ನು ಮರದ ಉದ್ದಕ್ಕೆ, ಎಳೆಯ ಜಾಡಿನಲ್ಲಿ ಸೀಳಿರುತ್ತಾರೆ. ಎಳೆ ಒತ್ತಾಗಿರುವುದರಿಂದ ಕೂದಲೆಳೆಯಂಥ ಗೆರೆ ಕೂಡ ಮುರಿಯದೆ ನಿಲ್ಲುತ್ತದೆ. ಚಿತ್ರಕಾರ ತೆಳುವಾದ ಕಾಗದದ ಮೇಲೆ ಬರೆದ ಗೆರೆಚಿತ್ರವನ್ನು ಮುಖ ಕೆಳಗೆ ಮಾಡಿ ಹಲಗೆಗೆ ಅಕ್ಕಿಯ ಸರಿಯಿಂದ ಅಂಟಿಸುತ್ತಾರೆ. ಹಿಂಬದಿಯ ಕಾಗದವನ್ನು ಬೆರಳಿಂದ ಉಜ್ಜಿ ತೆಗೆದು ಎಣ್ಣೆ ಸವರಿದರೆ ಗೆರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣುತ್ತದೆ. ಆ ಗೆರೆಯ ಎರಡೂ ಮಗ್ಗುಲಿಗೆ ಕತ್ತಿ ಹಾಯಿಸಿ, ಮಿಕ್ಕ ಮರವನ್ನು ಉಳಿಯಿಂದ ತೆಗೆದುಹಾಕುತ್ತಾರೆ. ಮೂಲಚಿತ್ರ ಇದರಲ್ಲೇ ನಾಶವಾಗುತ್ತದೆ.

ಗೆರೆಯ ಹಲಗೆಯಿಂದ ಕೆಲವು ಪ್ರತಿ ತೆಗೆದು, ಒಂದೊಂದು ಬಣ್ಣಕ್ಕೆ ಒಂದೊಂದು ಪ್ರತಿಯಲ್ಲಿ ಜಾಗ ಗುರುತು ಮಾಡಿ, ಬಣ್ಣದ ಹಲಗೆಗಳನ್ನು ಕೆತ್ತುತ್ತಾರೆ. ಹಿಮದ ಚಿತ್ರದ ಸೂಕ್ಷ್ಮ ಶುರುವಾಗುವುದೇ ಇಲ್ಲಿ. ಹಿಮ ಹೊತ್ತ ಬೆಟ್ಟದ ನೆತ್ತಿಗೆ ಕಪ್ಪು ಗೆರೆ ಎಳೆದರೆ ಅದು ಹಿಮದಂತೆ ಕಾಣುವುದಿಲ್ಲ, ಸುಣ್ಣ ಬಳಿದ ಬಂಡೆಯಂತೆ ಕಾಣುತ್ತದೆ. ಹಾಗಾಗಿ ಎಷ್ಟೋ ಕಡೆ ಗೆರೆಯನ್ನು ಸಣ್ಣ ಮಾಡುತ್ತಾರೆ, ಬೂದು ಮಾಡುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ. ಆಗ ಬೆಟ್ಟದ ಆಕಾರವನ್ನು ತೋರಿಸುವುದು ಬೆಟ್ಟದ ಹಲಗೆ ಅಲ್ಲ, ಆಕಾಶದ ಹಲಗೆ. ಆಕಾಶವನ್ನು ಕೆತ್ತಿದವನ ಕೈ ಎಲ್ಲಿ ತಗ್ಗಿತೋ ಅಲ್ಲಿ ಶಿಖರ ಎದ್ದಿದೆ.

ಹಾಳೆ ಪ್ರತಿ ಸಲವೂ ಅದೇ ಜಾಗಕ್ಕೆ ಕೂರಲು ಹಲಗೆಯಲ್ಲೇ ಎರಡು ಗುರುತು ಕೆತ್ತಿರುತ್ತಾರೆ. ಇವಕ್ಕೆ ‘ಕೆಂತೊ’ ಎನ್ನುತ್ತಾರೆ. ಒಂದು ಮೂಲೆಗೆ ಮೊಣಕೈಯಾಕಾರದ ತಡೆ, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ನೇರ ತಡೆ. ಅಷ್ಟೇ ಸಾಧನ. ಆದರೆ ಕಾಗದ ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಲಗೆಯೂ ನೀರು ಕುಡಿದು ಹಿಗ್ಗುತ್ತದೆ. ಬೆಳಗ್ಗೆ ಸರಿಯಾಗಿ ಕೂತದ್ದು ಮಧ್ಯಾಹ್ನದ ಹೊತ್ತಿಗೆ ಅರ್ಧ ಮಿಲಿಮೀಟರ್ ಜಾರಿರುತ್ತದೆ. ಬಣ್ಣ ತುಂಬಿದ ಚಿತ್ರದಲ್ಲಿ ಆ ಜಾರು ಕಣ್ಣಿಗೆ ಬೀಳದೆ ಹೋಗಬಹುದು. ಹಿಮದ ಚಿತ್ರದಲ್ಲಿ ಮಾಡಿನ ಅಂಚಿಗೆ ಬೂದು ಗೀಟು ಬಿದ್ದು, ಹಿಮ ಕೊಳೆಯಾದಂತೆ ಕಾಣುತ್ತದೆ. ಅಚ್ಚುಗಾರ ಆಗ ಕೆಂತೊವನ್ನು ಉಳಿಯಿಂದ ಎಳೆಯಷ್ಟು ಕೆರೆಯುತ್ತಾನೆ, ಇಲ್ಲವೇ ಅಲ್ಲಿ ಮರದ ಚೂರು ತುಂಬುತ್ತಾನೆ.

ಆಕಾಶ ಇಳಿಸುವುದು

ಅಚ್ಚಿನ ಕ್ರಮ ಸಾಮಾನ್ಯವಾಗಿ ಹೀಗೆ: ಮೊದಲು ಕಪ್ಪು ಗೆರೆ, ಆಮೇಲೆ ಸಣ್ಣ ಜಾಗದ ತಿಳಿ ಬಣ್ಣಗಳು, ಕೊನೆಕೊನೆಗೆ ದೊಡ್ಡ ಜಾಗದ ಕಡು ಬಣ್ಣಗಳು. ಹಾಳೆಗಳನ್ನು ಹಿಂದಿನ ದಿನವೇ ಒದ್ದೆ ಮಾಡಿ, ಒಂದರ ಮೇಲೊಂದು ಪೇರಿಸಿ, ಮೇಲೆ ಹಲಗೆ ಇಟ್ಟು ತೇವ ಎಲ್ಲ ಕಡೆ ಸಮನಾಗುವಂತೆ ಬಿಡುತ್ತಾರೆ. ಹಲಗೆಯ ಮೇಲೆ ಬಣ್ಣ, ಜೊತೆಗೆ ಒಂದು ಚಿಟಿಕೆ ಅಕ್ಕಿಯ ಸರಿ. ಕುಂಚದಿಂದ ಹರಡಿ, ಹಾಳೆ ಇಟ್ಟು, ಹಿಂಬದಿಯಿಂದ ‘ಬಾರೆನ್’ ಹಾಕಿ ಉಜ್ಜಬೇಕು. ಬಾರೆನ್ ಅಂಗೈ ತುಂಬುವಷ್ಟು ಅಗಲದ ಚಪ್ಪಟೆ ಬಿಲ್ಲೆ. ಬಿದಿರಿನ ಹೊದಿಕೆ ಎಲೆಯನ್ನು ಸೀಳಿ ಹೊಸೆದ ಹುರಿಯನ್ನು ಸುರುಳಿ ಸುತ್ತಿ, ಮೇಲೆ ಇನ್ನೊಂದು ಬಿದಿರಿನ ಎಲೆ ಬಿಗಿದಿರುತ್ತಾರೆ. ಹುರಿ ದಪ್ಪವಿದ್ದರೆ ಒತ್ತು ಜಾಸ್ತಿ, ಅದು ಆಕಾಶಕ್ಕೆ. ಸಣ್ಣ ಹುರಿ ಗೆರೆಗಳಿಗೆ.

ಹಿಮದ ಚಿತ್ರವನ್ನು ನಿಲ್ಲಿಸುವುದೂ ಕೆಡಿಸುವುದೂ ‘ಬೊಕಾಶಿ’, ಅಂದರೆ ಕಡುವಿನಿಂದ ತಿಳಿಗೆ ಇಳಿಯುವ ಛಾಯೆ. ಈ ಇಳಿಜಾರನ್ನು ಹಲಗೆಯಲ್ಲಿ ಕೆತ್ತಿರುವುದಿಲ್ಲ. ಪ್ರತಿ ಹಾಳೆಗೂ ಹೊಸದಾಗಿ ಹಲಗೆಯ ಮೇಲೆ ಕೈಯಿಂದಲೇ ಮಾಡಬೇಕು. ಛಾಯೆ ಎಲ್ಲಿ ಸಾಯಬೇಕೋ ಅಲ್ಲಿ ಒದ್ದೆ ಬಟ್ಟೆಯಿಂದ ಹಲಗೆಯನ್ನು ಒರೆಸಿ ತೇವ ಮಾಡುತ್ತಾರೆ. ಎದುರು ಅಂಚಿಗೆ ಎರಡು ಮೂರು ಹನಿ ಮಸಿ, ಪಕ್ಕದಲ್ಲಿ ಅಕ್ಕಿಯ ಸರಿ. ಅಗಲ ಕುಂಚದ ಒಂದು ಕೊನೆ ಮಸಿಯಲ್ಲಿ, ಇನ್ನೊಂದು ಕೊನೆ ನೀರಿನಲ್ಲಿ ಇರುವಂತೆ ಹಿಡಿದು ಅಡ್ಡಕ್ಕೆ ಆಚೀಚೆ ಎಳೆಯಬೇಕು. ಕುಂಚವನ್ನು ತಿರುಗಿಸುವಂತಿಲ್ಲ. ತಿರುಗಿಸಿದರೆ ನೀರಿನ ಕಡೆಗೆ ಮಸಿ ದಾಟಿ ಛಾಯೆ ಹೋಗಿ ಬರೀ ಬೂದು ಉಳಿಯುತ್ತದೆ. ತಕ್ಷಣ ಹಾಳೆ ಇಟ್ಟು ಉಜ್ಜಬೇಕು, ತಡವಾದರೆ ತೇವ ಹಾರಿ ಇಳಿಜಾರಿನ ನಡುವೆ ಗೀಟು ಮೂಡುತ್ತದೆ. ಕಡುಗಪ್ಪು ಒಂದೇ ಸಲಕ್ಕೆ ಬರುವುದಿಲ್ಲ. ಅದೇ ಕೆಲಸವನ್ನು ಎರಡು ಮೂರು ಸಲ ಮಾಡಿ ಏರಿಸಬೇಕು.

ಏನೇನು ಕೈಕೊಡುತ್ತದೆ? ನೀರು ಹೆಚ್ಚಾದರೆ ಒಣಗಿದ ಮೇಲೆ ಅಲೆ ಬಂದುಹೋದ ಗುರುತಿನಂಥ ಕಲೆ. ಅಕ್ಕಿಯ ಸರಿ ಕಡಿಮೆಯಾದರೆ ಬಣ್ಣ ಒಡೆದು ಎಳ್ಳು ಚೆಲ್ಲಿದಂತೆ ಚುಕ್ಕೆ. ತಮಾಷೆಯೆಂದರೆ ಇದೇ ಚುಕ್ಕೆಯನ್ನು ಬೇಕೆಂದೇ ತರುವುದೂ ಒಂದು ವಿದ್ಯೆ, ಅದಕ್ಕೆ ‘ಗೋಮಾ’, ಅಂದರೆ ಎಳ್ಳಿನ ಅಚ್ಚು ಎಂದೇ ಹೆಸರು. ಮೋಡ ಕವಿದ ಹಿಮದ ಆಕಾಶಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಶಿಖರದ ಅಂಚಿನ ಚೂಪು ಮೂಲೆಗಳಲ್ಲಿ ಮಸಿ ಮಡುಗಟ್ಟುವುದು. ಅಚ್ಚಿನಲ್ಲಿ ಅದು ಬೆಟ್ಟಕ್ಕೆ ಕಾಡಿಗೆ ಹಚ್ಚಿದಂತೆ ಬೀಳುತ್ತದೆ. ಅಚ್ಚುಗಾರನ ಮಗ್ಗುಲಲ್ಲಿ ಒರೆಸುವ ಬಟ್ಟೆ ಇರುವುದು ಇದಕ್ಕೆ.

ಆಗಿನ ರೂಢಿಯಲ್ಲಿ ಮೊದಲ ಸುತ್ತಿಗೆ ಸುಮಾರು 200 ಹಾಳೆ. ಇನ್ನೂರು ಸಲ ಆ ಆಕಾಶವನ್ನು ಇಳಿಸಬೇಕು. ಮಾಲು ಚೆನ್ನಾಗಿ ಹೋದರೆ ಮತ್ತೆ ಸಾವಿರಗಟ್ಟಲೆ. ಬೇಡಿಕೆ ಏರಿದಾಗ ಮೊದಲು ಕೈಬಿಡುತ್ತಿದ್ದದ್ದು ಬೊಕಾಶಿಯನ್ನೇ. ಹಾಗಾಗಿ ಒಂದೇ ಹಿಮಚಿತ್ರದ ಹಿಂದಿನ ಪ್ರತಿಯಲ್ಲಿ ರಾತ್ರಿ, ಮುಂದಿನ ಪ್ರತಿಯಲ್ಲಿ ಚಪ್ಪಟೆ ಬೂದು ಪಟ್ಟಿ ಕಾಣಿಸಿದರೆ ಅಚ್ಚರಿಯಿಲ್ಲ.

ಬೀಳುವ ಹಿಮ, ಉಬ್ಬುವ ಹಿಮ

ಕೂತ ಹಿಮದ ಮಾತಾಯಿತು. ಬೀಳುವ ಹಿಮದ ಪಜೀತಿಯೇ ಬೇರೆ. ಹಿರೋಶಿಗೆಯ ‘ಎದೊದ ನೂರು ಪ್ರಸಿದ್ಧ ನೋಟಗಳು’ ಮಾಲೆಯಲ್ಲಿ ಫುಕಾಗಾವಾ ಬಯಲಿನ ಚಿತ್ರವೊಂದಿದೆ, 1857ರದ್ದು. ಮೇಲುಗಡೆ ರೆಕ್ಕೆ ಹರಡಿದ ಹದ್ದು, ಕೆಳಗೆ ಹಿಮ ಹೊದ್ದ ಜೌಗು ನೆಲ, ದೂರದಲ್ಲಿ ತ್ಸುಕುಬಾ ಬೆಟ್ಟ. ಆಕಾಶದ ತುಂಬ ಬಿಳಿ ಚುಕ್ಕೆ. ಇಂಥ ಒಂದೊಂದು ಚುಕ್ಕೆಯೂ ಹಲಗೆಯಲ್ಲಿ ತೋಡಿದ ಒಂದೊಂದು ಕುಳಿ. ಒಂದು ಚುಕ್ಕೆಯ ಜಾಗದಲ್ಲಿ ಮೂರು ಬಣ್ಣ ಒಂದರ ಮೇಲೊಂದು ಬೀಳುವುದಿದ್ದರೆ ಮೂರು ಹಲಗೆಯಲ್ಲೂ ಅದೇ ಜಾಗಕ್ಕೆ ಕುಳಿ ತೋಡಬೇಕು. ಒಂದರಲ್ಲಿ ತಪ್ಪಿದರೂ ಚುಕ್ಕೆಗೆ ಬಣ್ಣ ತುಂಬುತ್ತದೆ. ಹಳೆಯ ಹಲಗೆಯಲ್ಲಿ ಇನ್ನೊಂದು ಕಾಟ: ಒಣಗಿದ ಬಣ್ಣ, ಸರಿ ಕುಳಿಯೊಳಗೆ ಕಟ್ಟಿಕೊಂಡು ಅಂಚು ಮೊಂಡಾಗುತ್ತದೆ. ಪ್ರತಿಗಳ ಸಂಖ್ಯೆ ಏರಿದಂತೆ ಹಿಮ ಸಣ್ಣದಾಗುತ್ತ ಹೋಗುತ್ತದೆ.

ಎರಡನೆಯ ದಾರಿ ‘ಗೋಫುನ್’, ಚಿಪ್ಪನ್ನು ಪುಡಿಮಾಡಿ ಅಂಟಿನಲ್ಲಿ ಕಲಸಿದ ಬಿಳಿ. ಅಚ್ಚು ಮುಗಿದ ಮೇಲೆ ಕುಂಚ ಅದ್ದಿ, ಕಡ್ಡಿಗೆ ತಟ್ಟಿ ಹಾಳೆಯ ಮೇಲೆ ಎರಚುತ್ತಾರೆ. ಎರಡು ಪ್ರತಿಯಲ್ಲಿ ಹಿಮ ಒಂದೇ ಥರ ಬೀಳುವುದಿಲ್ಲ. ಅಂಟು ಕಡಿಮೆಯಾದರೆ ಚುಕ್ಕೆ ಪುಡಿಯಾಗಿ ಉದುರುತ್ತದೆ, ಹೆಚ್ಚಾದರೆ ಬಿರಿದು ಚಕ್ಕೆ ಏಳುತ್ತದೆ.

ಮೂರನೆಯದು ಬಣ್ಣವೇ ಇಲ್ಲದ ಅಚ್ಚು, ‘ಕಾರಾಜುರಿ’. ಕೆತ್ತಿದ ಹಲಗೆಯ ಮೇಲೆ ಏನೂ ಹಚ್ಚದೆ ಒದ್ದೆ ಹಾಳೆಯನ್ನಿಟ್ಟು ಬಲವಾಗಿ ಒತ್ತಿದರೆ ಕಾಗದ ಉಬ್ಬುತಗ್ಗಾಗಿ ಹಿಮದ ಮೆತ್ತೆಯಂತೆ ಏಳುತ್ತದೆ. ಬಾರೆನ್ ಸಾಲದ ಕಡೆ ಬೆರಳ ತುದಿ, ಮೊಣಕೈಯಿಂದಲೂ ಒತ್ತುವುದುಂಟು. ಬಹುವರ್ಣದ ಅಚ್ಚು 1765ರಲ್ಲಿ ಶುರುವಾದ ಹೊಸತರಲ್ಲೇ ಚಿತ್ರಕಾರ ಹಾರುನೊಬು ಇದನ್ನು ಚೆನ್ನಾಗಿ ದುಡಿಸಿಕೊಂಡ. ಹಿಮದಲ್ಲಿ ಒಂದೇ ಛತ್ರಿಯಡಿ ನಿಂತ ಜೋಡಿಯ ಅವನ ಚಿತ್ರವನ್ನು ನೇರ ಬೆಳಕಿನಲ್ಲಿ ನೋಡಿದರೆ ಅರ್ಧವೂ ಕಾಣುವುದಿಲ್ಲ. ದೀಪವನ್ನು ಪಕ್ಕಕ್ಕೆ ತಂದು ಓರೆಯಾಗಿ ಹಿಡಿಯಬೇಕು. ಈ ಒತ್ತು ಯಾವಾಗಲೂ ಕೊನೆಯ ಕೆಲಸ. ಮೊದಲೇ ಮಾಡಿದರೆ ಮುಂದಿನ ಬಣ್ಣದ ಬಾರೆನ್ ಅದನ್ನು ತುಳಿದುಹಾಕುತ್ತದೆ.

ಕಿಸೊ ಕಣಿವೆ

ಬೆಟ್ಟವೇ ನಾಯಕನಾದ ಹಿಮಚಿತ್ರ ಯಾವುದೆಂದರೆ ನನ್ನ ಲೆಕ್ಕದಲ್ಲಿ ಕಾಂಬರಾ ಅಲ್ಲ, 1857ರ ‘ಕಿಸೊ ದಾರಿಯ ಬೆಟ್ಟ ಹೊಳೆ’. ಹಿರೋಶಿಗೆ ತೀರಿಕೊಳ್ಳುವ ಹಿಂದಿನ ವರ್ಷದ್ದು. ‘ಹಿಮ, ಚಂದ್ರ, ಹೂ’ ಎಂಬ ಹಳೆಯ ತ್ರಯಕ್ಕೆ ಮೂರು ಚಿತ್ರ ಮಾಡಿದ. ಚಂದ್ರನಿಗೆ ಕಾನಾಜಾವಾದ ಕೊಲ್ಲಿ, ಹೂವಿಗೆ ನಾರುತೊ ಕಡಲ ಸುಳಿ (ನೊರೆಯೇ ಹೂವು), ಹಿಮಕ್ಕೆ ಕಿಸೊ. ಒಂದೊಂದಕ್ಕೂ ಮೂರು ಓಬಾನ್ ಹಾಳೆ, ಅಕ್ಕಪಕ್ಕ ಜೋಡಿಸಿದರೆ ಮುಕ್ಕಾಲು ಮೀಟರ್ ಅಗಲ.

ಮೂರು ಹಾಳೆಯ ತುಂಬ ಬಿಳಿ ಬೆಟ್ಟ. ಅದನ್ನು ಸೀಳಿಕೊಂಡು ನೀಲಿ ಹೊಳೆ. ಆ ನೀಲಿ ‘ಬೆರೊ’, ಬರ್ಲಿನ್ನಿನಲ್ಲಿ 18ನೇ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ, 1830ರ ಹೊತ್ತಿಗೆ ಜಪಾನಿನ ಅಚ್ಚುಮನೆಗಳಿಗೆ ಅಗ್ಗವಾಗಿ ಸಿಗತೊಡಗಿತು. ಅದಕ್ಕೂ ಮೊದಲು ಬಳಸುತ್ತಿದ್ದ ಹೂವಿನ ನೀಲಿ ಬೆಳಕಿಗೆ ಬೇಗ ಮಾಸುತ್ತಿತ್ತು. ಹಿಮದ ಚಿತ್ರಕ್ಕೆ ಇದು ದೊಡ್ಡ ವರ, ಏಕೆಂದರೆ ಮಾಸದ ನೀಲಿ ಪಕ್ಕದಲ್ಲಿದ್ದರೆ ಕಾಗದ ನೂರು ವರ್ಷವಾದರೂ ತಣ್ಣಗೇ ಕಾಣುತ್ತದೆ. ಬೆಟ್ಟದ ಮೈಮೇಲೆ ಗೆರೆ ಬಹಳ ಕಡಿಮೆ, ಮಡಿಕೆಗಳಲ್ಲಿ ತಿಳಿಬೂದು, ಅಲ್ಲಲ್ಲಿ ಗಿಡದ ಗುಂಪು. ಮನುಷ್ಯರು ಹುಡುಕಿದರೆ ಸಿಗುವಷ್ಟು ಸಣ್ಣ. ಅಪಾಯವಿರುವುದು ಹಾಳೆಗಳ ಕೂಡುಗೆಯಲ್ಲಿ. ಮೂರನ್ನೂ ಬೇರೆ ಬೇರೆ ಅಚ್ಚೊತ್ತುತ್ತಾರೆ. ಮಧ್ಯದ ಹಾಳೆಯ ಆಕಾಶ ಎಡಬಲದ ಆಕಾಶಕ್ಕಿಂತ ಒಂದು ಛಾಯೆ ಕಡುವಾದರೂ ಜೋಡಿಸಿದಾಗ ಬೆಟ್ಟ ಮೂರು ತುಂಡು.

ಮೊದಲು ಹೇಳಿದ ತೊಕಾಯ್ದೊ ಮಾಲೆಯ ‘ಕಾಮೆಯಾಮಾ’ವನ್ನು ಹೆಚ್ಚು ಹೊತ್ತು ನೋಡಬೇಕಿತ್ತು, ಸಮಯವಿಲ್ಲ. ಹಿಮ ನಿಂತು ಬಿಸಿಲು ಬಂದ ಬೆಳಗು, ಕರ್ಣದಂತೆ ಏರಿದ ಇಳಿಜಾರು, ಮೇಲೆ ಕೋಟೆ, ಕೆಳಗೆ ಸಾಲು ಹಿಡಿದು ಹತ್ತುವ ಮೆರವಣಿಗೆ. ಬಾನಂಚಿನ ನಸುಗೆಂಪು ಒಂದೇ ಸಾಕು, ಅದೇ ಬಿಳಿ ಕಾಗದ ಇಲ್ಲಿ ಬಿಸಿಲಿನ ಹಿಮವಾಗುತ್ತದೆ.

ಅದೇ ಕಾಲದ ಇನ್ನೊಬ್ಬ ಹೆಸರಾಂತ ಚಿತ್ರಕಾರ ಹೊಕುಸಾಯ್ ಹೆಸರು ಇನ್ನೂ ಬಂದಿಲ್ಲ ಎಂದು ಕೆಲವರಿಗೆ ಅನಿಸಿರಬಹುದು. ಅವನಿಗೆ ಹಿಮಕ್ಕಿಂತ ಫ್ಯೂಜಿ ಬೆಟ್ಟ ಮುಖ್ಯ. ‘ಫ್ಯೂಜಿಯ 36 ನೋಟಗಳು’ ಎಂಬ ಮಾಲೆ ಬೆಳೆದು 46 ಚಿತ್ರವಾಯಿತು. ಅದರಲ್ಲಿ ನೆಲಕ್ಕೆಲ್ಲ ಹಿಮ ಬಿದ್ದ ಚಿತ್ರ ಒಂದೇ, ಕೊಯಿಶಿಕಾವಾದ ಚಹಾ ಅಂಗಡಿಯದು. ಹೆಸರಾಂತ ಕೆಂಪು ಫ್ಯೂಜಿಯಲ್ಲಿ ನೆತ್ತಿಯಿಂದ ಬೇರಿನಂತೆ ಇಳಿದ ಬಿಳಿ ಎಳೆಗಳಿವೆ. ಕಡುಕಂದಿನ ಹಲಗೆಯಲ್ಲಿ ತೋಡಿ ಉಳಿಸಿದ ಕಾಗದವೇ ಅದು. ಹಿಮ ಅವನಿಗೆ ಬೆಟ್ಟದ ವಯಸ್ಸು ತೋರಿಸುವ ನರೆಗೂದಲು, ಅಷ್ಟೇ.

ಚಿತ್ರಕಾರ ಕುನಿಯೋಶಿಯ ಒಂದು ಚಿತ್ರವನ್ನು ಮಾತ್ರ ಬಿಡುವಂತಿಲ್ಲ. 1271ರಲ್ಲಿ ಗಡೀಪಾರಾಗಿ ಸಾದೊ ದ್ವೀಪಕ್ಕೆ ಹೋದ ನಿಚಿರೆನ್ ಎಂಬ ಬೌದ್ಧ ಗುರು ಹಿಮದ ಗುಡ್ಡ ಹತ್ತುತ್ತಿದ್ದಾನೆ. ಒಂಟಿ ಕೆಂಪು ನಿಲುವಂಗಿ, ಕೆಳಗೆ ಹಿಮ ಮುಚ್ಚಿದ ಮಾಡುಗಳು, ಆಚೆ ಕಡಲು. ಇದರಲ್ಲೂ ಎರಡು ಬಗೆ: ಕೆಲವು ಪ್ರತಿಗಳಲ್ಲಿ ಕಡಲಿಗೂ ಆಕಾಶಕ್ಕೂ ನಡುವೆ ಗೆರೆಯಿದೆ, ಕೆಲವದರಲ್ಲಿ ಇಲ್ಲ. ಗೆರೆ ಇರುವ ಪ್ರತಿಯಲ್ಲಿ ಅವನು ಒಂದು ಜಾಗದಲ್ಲಿದ್ದಾನೆ. ಗೆರೆ ಇಲ್ಲದ್ದರಲ್ಲಿ ಹಿಮ ಬಿಟ್ಟರೆ ಬೇರೇನೂ ಇಲ್ಲದ ಜಾಗದಲ್ಲಿದ್ದಾನೆ.

ಬಣ್ಣ ಬಂದ ಹಿಮ

ಇಪ್ಪತ್ತನೆಯ ಶತಮಾನದಲ್ಲಿ ಪ್ರಕಾಶಕ ವಾತಾನಾಬೆ ಶೋಜಾಬುರೊ ಹಳೆಯ ಕೆಲಸದ ಹಂಚಿಕೆಯನ್ನೇ ಉಳಿಸಿಕೊಂಡು ಹೊಸ ಚಿತ್ರಕಾರರನ್ನು ಕೂಡಿಸಿದ. ಇದಕ್ಕೆ ‘ಶಿನ್ ಹಾಂಗಾ’, ಹೊಸ ಅಚ್ಚು ಎಂದು ಹೆಸರು. ಅವನ ಚಿತ್ರಕಾರರಲ್ಲಿ ಹಿಮದವನು ಕಾವಾಸೆ ಹಾಸುಯಿ. 1953ರ ‘ಜೋಜೋಜಿಯ ಹಿಮ’ (ಜೋಜೋಜಿ ಟೋಕಿಯೊದ ಒಂದು ಬೌದ್ಧ ಗುಡಿ) ಚಿತ್ರಕ್ಕೆ 42 ಸಲ ಅಚ್ಚು ಬಿದ್ದಿದೆ. ಉಳಿಸುವುದೇ ಹಿಮವಾದರೆ ಇಷ್ಟು ಅಚ್ಚು ಯಾಕೆ? ಆಕಾಶ ಒಂದೇ ಬೂದಲ್ಲ, ಬೂದಿನ ಮೇಲೆ ಬೂದು, ಅದರ ಮೇಲೆ ನೀಲಿ. ಬಾರೆನ್ ಗುರುತು ಉಳಿಯುವಂತೆ ಒರಟಾಗಿ ಉಜ್ಜಿ ಗಾಳಿಯ ಸುಳಿ ತೋರಿಸುವ ಅಚ್ಚುಗಳೂ ಈ ಕಾಲದ ಕೆಲಸದಲ್ಲಿ ಇರುತ್ತವೆ. ಹಳೆಯ ಅಚ್ಚುಗಾರ ಅಡಗಿಸುತ್ತಿದ್ದ ಗುರುತನ್ನು ಇವರು ಹೊರಗೆ ತಂದರು.

ಬೆಟ್ಟ ಹತ್ತಿದವನು ಯೋಶಿದಾ ಹಿರೋಶಿ. 1926ರ ಜಪಾನ್ ಆಲ್ಪ್ಸ್ ಮಾಲೆಯ 12 ಚಿತ್ರಗಳನ್ನು ನೋಡಿದರೆ ಹಿಮದ ಬಗ್ಗೆ ಅವನ ನಿಲುವೇ ಬೇರೆ ಎಂದು ಗೊತ್ತಾಗುತ್ತದೆ. ‘ತ್ಸುರುಗಿ ಬೆಟ್ಟ, ಬೆಳಗು’ ಚಿತ್ರದಲ್ಲಿ ಶಿಖರಕ್ಕೆ ಮೊದಲ ಬಿಸಿಲು ತಾಗಿ ಕೆಂಡದಂತಿದೆ, ಕೆಳಗಿನ ಬಿಡಾರ ಇನ್ನೂ ನೀಲಿ ಕತ್ತಲಲ್ಲಿದೆ. ಹಿರೋಶಿಗೆಯ ಹಿಮಕ್ಕೆ ನೆರಳಿರಲಿಲ್ಲ. ಯೋಶಿದಾನ ಹಿಮದಲ್ಲಿ ನೆರಳು ನೀಲಿ, ಬಿಸಿಲು ಗುಲಾಬಿ. ಮುಟ್ಟದೆ ಬಿಟ್ಟ ಕಾಗದ ಅಂಗೈಯಗಲವೂ ಇರುವುದಿಲ್ಲ. ಎಣ್ಣೆಬಣ್ಣ, ಜಲವರ್ಣದಲ್ಲಿ ಪಳಗಿದ ಕಣ್ಣು ಅದು. ಅವನು ಸಾಧಾರಣವಾಗಿ 30ರ ಆಸುಪಾಸು ಅಚ್ಚು ಹಾಕಿಸುತ್ತಿದ್ದ. ಹಿಮವಿಲ್ಲದ ‘ಯೋಮೇಯ್ ದ್ವಾರ’ಕ್ಕೆ 96 ಅಚ್ಚು. ಅಂಚಿನಲ್ಲಿ ‘ಜಿಜುರಿ’ ಎಂಬ ಮೊಹರು ಇದ್ದರೆ ಅವನ ಕಣ್ಣೆದುರಿಗೇ ಮುದ್ರಣವಾದ ಪ್ರತಿ ಎಂದರ್ಥ.

ಅದೇ ಹಲಗೆಗಳಿಗೆ ಬೇರೆ ಬಣ್ಣ ಹಾಕಿ ಹೊತ್ತು ಬದಲಿಸುವುದು ಅವನ ಇನ್ನೊಂದು ಚಾಳಿ. 1925ರ ಮ್ಯಾಟರ್‌ಹಾರ್ನ್ ಹಗಲಿನದೂ ಇದೆ, ರಾತ್ರಿಯದೂ ಇದೆ. ಕಾಂಬರಾದ ಎರಡು ಆಕಾಶಗಳಲ್ಲಿ ಇಣುಕಿದ್ದ ವಿದ್ಯೆ ಇಲ್ಲಿ ಲೆಕ್ಕಾಚಾರವಾಗಿ ಬೆಳೆದಿದೆ. ಯೋಶಿದಾ 1930–31ರಲ್ಲಿ ಮಗ ತೋಶಿಯೊಂದಿಗೆ ಭಾರತಕ್ಕೂ ಬಂದಿದ್ದ. ಮದುರೆಯ ಗುಡಿ, ತಾಜ್ ಮಹಲ್ ಜೊತೆಗೆ ಬೆಳಗಿನ ಕಾಂಚನಜುಂಗಾ ಕೂಡ ಹಾಳೆಗೆ ಇಳಿಯಿತು. 8,586 ಮೀಟರ್ ಎತ್ತರದ ಬೆಟ್ಟಕ್ಕೆ ಅವನು ಬಳಸಿದ್ದು ಕಡು ಬಣ್ಣವನ್ನಲ್ಲ. ದೂರದ ಹಿಮ ಹಗುರ ಎಂದು ಹತ್ತಿದವನಿಗೆ ಗೊತ್ತು.

ಪ್ರತಿಯನ್ನು ಕೈಗೆತ್ತಿಕೊಂಡಾಗ

ಹಿಮದ ಚಿತ್ರವನ್ನು ನೋಡುವಾಗ ಮೊದಲು ಎದುರು ಬೆಳಕು, ಆಮೇಲೆ ಓರೆ ಬೆಳಕು, ಆಮೇಲೆ ಹಿಂಬದಿ. ಒಳ್ಳೆಯ ಪ್ರತಿಯ ಹಿಂಬದಿಯಲ್ಲಿ ಆಕಾಶದ ಬಣ್ಣ ನಾರಿನ ಮೂಲಕ ಇಣುಕಿರುತ್ತದೆ, ಬಾರೆನ್ ಸುತ್ತಿದ ಗುರುತೂ ಇರುತ್ತದೆ. ಯಂತ್ರದ ನಕಲಿನಲ್ಲಿ ಹಿಂಬದಿ ಖಾಲಿ, ಭೂತಗನ್ನಡಿ ಹಿಡಿದರೆ ಮುಂಬದಿಯಲ್ಲಿ ಸಾಲುಸಾಲು ಚುಕ್ಕೆ.

ಇಡುವ ವಿಷಯ. ಬೆಳಕು 50 ಲಕ್ಸ್ ಮೀರಬಾರದು. ವರ್ಷಪೂರ್ತಿ ತೂಗುಹಾಕಬಾರದು, ಕೆಲವು ವಾರ ತೋರಿಸಿ ಪೆಟ್ಟಿಗೆಗೆ ಹಾಕಬೇಕು. ಚೌಕಟ್ಟಿನ ಹಿಂದಿನ ರಟ್ಟು ಆಮ್ಲವಿಲ್ಲದ್ದೇ ಆಗಬೇಕು. ಅಗ್ಗದ ರಟ್ಟು ಹಾಳೆಯ ಅಂಚಿಗೆ ಕಂದು ಚೌಕ ಬರೆಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ 65 ಪ್ರತಿಶತ ದಾಟಿ ಹಾಗೆಯೇ ನಿಂತರೆ ಬೂಸಿನ ಕಂದು ಚುಕ್ಕೆ ಏಳುತ್ತದೆ. ಕಡು ಆಕಾಶದಲ್ಲಿ ಎದ್ದರೆ ಕಾಣದೆ ಹೋದೀತು, ಹಿಮದ ಮೇಲೆ ಎದ್ದರೆ ಹತ್ತು ಅಡಿ ದೂರದಿಂದ ಕಾಣುತ್ತದೆ.

ಕೆಲವರು ಅದನ್ನು ತೆಗೆಯಲು ಬ್ಲೀಚ್ ಮಾಡಿಸುತ್ತಾರೆ. ಚುಕ್ಕೆಯೊಂದಿಗೆ ಕೆನೆಯ ಛಾಯೆಯೂ ಹೋಗುತ್ತದೆ, ನಾರು ಸೊರಗಿ ಮಡಿಚಿದಲ್ಲಿ ಮುರಿಯುತ್ತದೆ, ಒತ್ತಿ ಎಬ್ಬಿಸಿದ ಹಿಮ ಚಪ್ಪಟೆಯಾಗುತ್ತದೆ. 190 ವರ್ಷ ಹಳೆಯ ಹಾಳೆಯಲ್ಲಿ ಹಿಮ ಹೊಸ ಪಂಚೆಯಂತೆ ಬೆಳ್ಳಗಿದ್ದರೆ ಬೆಲೆ ಕೇಳುವ ಮೊದಲು ತಿರುಗಿಸಿ ಹಿಂಬದಿ ನೋಡಿ.